ಉಪಖನಿಜವೆಂಬ ಹೆಸರೂ ಚಂದಕವಾಡಿಯ ಕಲ್ಲೂ

ಶಾಸನದಲ್ಲಿ ಒಂದು ಶಬ್ದವು ಅಸಮಂಜಸವಾಗಿ ಪ್ರಯುಕ್ತವಾದರೆ ಅದರಿಂದ ನೋಯುವವರು ವೈಯಾಕರಣರು ಮಾತ್ರವೆಂದು ಲೋಕವು ತಿಳಿದಿರುವುದುಂಟು. ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯ ರೈತನಿಗಾದರೋ ಅಂತಹ ಒಂದು ಶಬ್ದದ ದೆಸೆಯಿಂದ ಹೊಲದ ಪಕ್ಕದಲ್ಲಿಯೇ ಪಾತಾಳವು ಬಾಯ್ದೆರೆದಿದೆ. ‘ಉಪಖನಿಜ’ವೆಂಬುದೇ ಆ ಶಬ್ದ.

1957ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಗಣಿ ಮತ್ತು ಖನಿಜಗಳ ಅಧಿನಿಯಮವು ಭೂಗರ್ಭದ ಸಂಪತ್ತನ್ನು ಎರಡು ಜಾತಿಗಳಾಗಿ ವಿಂಗಡಿಸಿತು. ಚಿನ್ನ, ಕಬ್ಬಿಣದ ಅದಿರು ಮೊದಲಾದುವು ಪ್ರಧಾನವೆನಿಸಿ ದೆಹಲಿಯ ದೃಷ್ಟಿಯಲ್ಲಿ ಉಳಿದುವು. ಕಟ್ಟಡದ ಕಲ್ಲು, ಜಲ್ಲಿ, ಸಾಧಾರಣ ಮಣ್ಣು, ಸಾಧಾರಣ ಮರಳು ಇವು ಉಪಖನಿಜಗಳೆನಿಸಿದುವು. ಇವುಗಳಿಗೆ ನಿಯಮಗಳನ್ನು ಮಾಡುವ ಅಧಿಕಾರವನ್ನು 15ನೆಯ ಪ್ರಕರಣವು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಕರ್ನಾಟಕದ 1994ರ ಉಪಖನಿಜ ನಿಯಮಗಳು ಹುಟ್ಟಿದುದು ಈ ಪ್ರಕರಣದಿಂದಲೇ.

ಅಂದಿನ ವಿಭಾಗಕ್ಕೆ ಒಂದು ಅರ್ಥವಿದ್ದಿತು. ಕಲ್ಲುಕುಟಿಗರು ಚಾಣ ಸುತ್ತಿಗೆಗಳಿಂದ ಕಡಿದ ಕಲ್ಲು ಊರಿನ ಬಾವಿಗೂ ಬೀಸುವ ಕಲ್ಲಿಗೂ ಗುಡಿಯ ಮೆಟ್ಟಿಲಿಗೂ ಆಗುತ್ತಿದ್ದಿತು. ಬಂಡೆಗಾದ ಗಾಯವು ಊರಿನ ಕಣ್ಣಮುಂದೆಯೇ ಇದ್ದು ಊರಿನ ಮಾತಿಗೆ ಕಟ್ಟುಬೀಳುತ್ತಿದ್ದಿತು. ಇಂದು ಈ ಸೀಮೆಯ ಕರಿಕಲ್ಲು ವಜ್ರದ ಮಣಿಗಳನ್ನು ಪೋಣಿಸಿದ ತಂತಿಗರಗಸಕ್ಕೆ ಸಿಕ್ಕಿ, ಕ್ರೇನುಗಳಿಂದ ಮೇಲೇರಿ, ಹಡಗಿನಲ್ಲಿ ಪರದೇಶಗಳಿಗೆ ಹೋಗಿ ಗೋರಿಕಲ್ಲಾಗಿ ಹೊಳೆಯುತ್ತಿದೆ. ಈ ಶಿಲೆಯು ನೆಲದೊಳಗೆ ಗೋಡೆಯಂತೆ ಕಡಿದಾಗಿ ಇಳಿದು ಉದ್ದಕ್ಕೆ ಹಬ್ಬಿರುವುದರಿಂದ ಗಣಿಯೂ ಕಂದಕದಂತೆ ಆಳಕ್ಕೆ ಇಳಿಯುವುದು. ಬಿರುಕಾಗಲಿ ಬಣ್ಣದ ಭೇದವಾಗಲಿ ಇರುವ ತುಂಡನ್ನು ವ್ಯಾಪಾರಿಯು ಒಲ್ಲನು. ಆದುದರಿಂದ ತೆಗೆದುದರಲ್ಲಿ ಅಲ್ಪಭಾಗವು ಮಾರಾಟಕ್ಕೆ ಹೋಗಿ, ಅಧಿಕಭಾಗವು ಗಣಿಯ ದಡದಲ್ಲಿ ಗುಡ್ಡವಾಗುವುದು. ಇಂತಹ ಉದ್ಯಮಕ್ಕೆ ಬೀಸುವ ಕಲ್ಲಿನ ಕಾಲದ ಹೆಸರನ್ನೇ ಉಳಿಸಿಕೊಂಡಿರುವುದು ವಿವೇಕವೆ?

‘ಉಪ’ಕ್ಕೆ ಸಾಮೀಪ್ಯವು ಪ್ರಸಿದ್ಧವಾದ ಅರ್ಥ. ಅದಲ್ಲದೆ ಅಧಿಕ, ಹೀನ ಎಂಬ ಪರಸ್ಪರ ವಿರುದ್ಧವಾದ ಎರಡರ್ಥಗಳನ್ನೂ ಪಾಣಿನಿಯು ಹೇಳಿರುವನು. ಆಳುವವರು ಈ ಎರಡನ್ನೂ ಚೆನ್ನಾಗಿ ಬಲ್ಲರು. ರಾಜಧನವನ್ನೂ ರಫ್ತಿನ ಹಣವನ್ನೂ ಎಣಿಸುವಾಗ ಕಲ್ಲು ಅಧಿಕ. ಹೊಣೆಯನ್ನು ಹೊರುವಾಗ ಹೀನ. ಸಾಮೀಪ್ಯಾರ್ಥವನ್ನು ಮಾತ್ರ ಗ್ರಾಮಸ್ಥರಿಗೆ ಬಿಟ್ಟಿರುವರು. ಧೂಳಿಗೂ ಸಿಡಿಮದ್ದಿನ ಸದ್ದಿಗೂ ಅವರಲ್ಲವೆ ಸಮೀಪಸ್ಥರು?

ಹೆಸರು ಕಿರಿದಾದರೆ ಹಾನಿಯೂ ಕಿರಿದೆಂಬ ವಾದವು ನ್ಯಾಯಸ್ಥಾನದ ಮುಂದೆಯೂ ನಿಲ್ಲಲಿಲ್ಲ. ಹರಿಯಾಣದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2012ರ ಫೆಬ್ರವರಿ 27ರಂದು, 5 ಹೆಕ್ಟೇರಿಗಿಂತ ಕಡಿಮೆಯಾದ ಉಪಖನಿಜ ಗುತ್ತಿಗೆಗೂ ಪರಿಸರದ ಅನುಮತಿಯು ಅವಶ್ಯವೆಂದು ಆಜ್ಞಾಪಿಸಿತು. ಆದರೂ ಅದೇ ವರ್ಷದ ಮಾರ್ಚಿಯಿಂದ ಹತ್ತು ವರ್ಷ ಕಳೆದು, 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗುಡ್ಡವು ಕುಸಿದು ಕೂಲಿಗಳು ಸತ್ತರು. ಡಿಸೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಕಲ್ಲುಗಣಿಯಲ್ಲಿ ಮೂವರು ಸತ್ತರು. ಅವರ ಮನೆಯವರು ಯಾರ ಬಾಗಿಲನ್ನು ತಟ್ಟಬೇಕು? ಗುತ್ತಿಗೆಗೆ ಬೆಂಗಳೂರು, ಅರಣ್ಯ ಪರಿಸರಗಳಿಗೆ ದೆಹಲಿಯ ಬೇರೊಂದು ಮಂತ್ರಾಲಯ, ಕೂಲಿಯ ಪ್ರಾಣರಕ್ಷೆಗೆ ಕಾರ್ಮಿಕ ಮಂತ್ರಾಲಯದ ಕೈಕೆಳಗೆ ಧನಬಾದಿನ ನಿರ್ದೇಶನಾಲಯ, ಸಿಡಿಮದ್ದಿಗೆ ನಾಗಪುರ. ಗಣಿಯ ಹೆಸರನ್ನೇ ಹೊತ್ತಿರುವ ಮಂತ್ರಾಲಯವಾದರೋ, ಇದು ಉಪಖನಿಜವಷ್ಟೆ ಎಂದು ಹೇಳಿ ಕದವಿಕ್ಕಿಕೊಳ್ಳುವುದು.

ಕಾನೂನಿನಿಂದ ಮಂತ್ರಾಲಯದ ಕೈ ಕಟ್ಟಿದೆಯೆಂದು ಅದರ ಪಕ್ಷದವರು ಹೇಳಿಯಾರು. ಆ ಮಾತು ನಿಲ್ಲದು. ಗ್ರಾನೈಟಿನ ಸಂರಕ್ಷಣೆಗಾಗಿಯೇ 1999ರಲ್ಲಿ ಕೇಂದ್ರದವರು ನಿಯಮಗಳನ್ನು ಮಾಡಿದರು. ಗಣಿಯ ಯೋಜನೆ ಹೇಗಿರಬೇಕು, ನಿರುಪಯುಕ್ತವಾದ ಕಲ್ಲನ್ನು ಎಲ್ಲಿಡಬೇಕು, ಅಗೆದ ನೆಲವನ್ನು ಹೇಗೆ ಸರಿಪಡಿಸಬೇಕು ಎಂಬುದೆಲ್ಲ ಅಲ್ಲಿದೆ. 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಸ್ಥಾಪಿಸಿದಾಗ, ಅವುಗಳ ಹಣದಲ್ಲಿ ನೂರಕ್ಕೆ 60 ಪಾಲಿಗೆ ಕಡಮೆಯಿಲ್ಲದಂತೆ ಕುಡಿಯುವ ನೀರು, ಆರೋಗ್ಯ, ವಿದ್ಯೆ ಮೊದಲಾದ ಕಾರ್ಯಗಳಿಗೆ ವ್ಯಯವಾಗಬೇಕೆಂದು ದೆಹಲಿಯೇ ರಾಜ್ಯಗಳಿಗೆ ನಿರ್ದೇಶಿಸಿತು. ಮನಸ್ಸಿದ್ದಲ್ಲಿ ಕೈಯೂ ನೀಳವಾಗಿದೆ. ಮನಸ್ಸಿಲ್ಲದಲ್ಲಿ ಮಾತ್ರ ಕಟ್ಟಿದೆ.

ಕಲ್ಲನ್ನೂ ಪ್ರಧಾನಖನಿಜವಾಗಿ ಮಾಡಿ ದೆಹಲಿಗೆ ಒಪ್ಪಿಸಬೇಕೆಂಬುದು ಇಲ್ಲಿಯ ಪ್ರಾರ್ಥನೆಯಲ್ಲ. ಪ್ರಧಾನವೆನಿಸಿದ ಚಿನ್ನದ ಗತಿಯು ಕೋಲಾರದಲ್ಲಿ ಕಣ್ಣಿಗೆ ಕಾಣುವಂತಿದೆ. ಕೇಂದ್ರದ ಕಂಪನಿಯು 1972ರಿಂದ ನಡೆಸಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಚಿನ್ನವು ಹೊರಟುಹೋಯಿತು, ಸಯನೈಡು ಬೆರೆತ ಮಣ್ಣಿನ ದಿಬ್ಬಗಳು ಊರಿಗೆ ಉಳಿದುವು. ಒಡೆತನವು ಯಾರದಾದರೂ ಆಗಲಿ, ಹೊಣೆಯು ಗಣಿಯ ಬಾಯಲ್ಲಿ ನಿಂತಿರಬೇಕೆಂಬುದೇ ವಿವಾದದ ಸಾರ.

ಆದುದರಿಂದ ಕೇಳತಕ್ಕವು ಮೂರು. ಮೊದಲನೆಯದು, ಹೋಬಳಿಯ ಪ್ರತಿಯೊಂದು ಗುತ್ತಿಗೆಯ ಮೇರೆ, ಆಳ, ಅವಧಿ, ಸಂದ ರಾಜಧನ ಇವುಗಳನ್ನು ಗ್ರಾಮಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಎರಡನೆಯದು, ಹಳೆಯ ಗುಂಡಿಗೆ ಬೇಲಿ ಕಟ್ಟಿ ಅದನ್ನು ಸುರಕ್ಷಿತವಾಗಿ ಮಾಡುವ ತನಕ ಆ ಗುತ್ತಿಗೆದಾರನಿಗೆ ಹೊಸ ಬಂಡೆಯನ್ನು ಕೊಡಕೂಡದು. ಮೂರನೆಯದು, ಪ್ರತಿಷ್ಠಾನದ ಹಣವು ಮೊದಲು ಗುಂಡಿಯಿರುವ ಊರಿಗೆ ಬಂದು, ಅದರ ಲೆಕ್ಕವು ಗ್ರಾಮಸಭೆಯಲ್ಲಿ ಓದಲ್ಪಡಬೇಕು. ಈ ಮೂರನ್ನೂ 1999ರ ನಿಯಮಗಳಲ್ಲಿಯೋ ಪ್ರತಿಷ್ಠಾನಗಳ ನಿರ್ದೇಶನದಲ್ಲಿಯೋ ಸೇರಿಸಲು ಮಂತ್ರಾಲಯಕ್ಕೆ ಹೊಸ ಖಜಾನೆಯೇನೂ ಬೇಕಾಗಿಲ್ಲ.

ಜಿಲ್ಲೆಯ ವಿದ್ಯಾವಂತರು ಈ ಕಲ್ಲಿನ ಕಾಂತಿಯನ್ನು ಹೊಗಳುವುದರಲ್ಲಿ ಹಿಂದುಳಿದವರಲ್ಲ. ಅದು ಹೊರಟ ಗುಂಡಿಯ ಅಂಚಿಗೆ ಒಮ್ಮೆ ಹೋಗಿ, ಅಲ್ಲಿ ನೀರು ನಿಂತಿರುವುದನ್ನೂ ಬೇಲಿ ಇಲ್ಲದಿರುವುದನ್ನೂ ನೋಡಿ, ತಮ್ಮ ಪಂಚಾಯಿತಿಗೂ ತಮ್ಮ ಪಾರ್ಲಿಮೆಂಟಿನ ಸದಸ್ಯರಿಗೂ ಈ ಮೂರನ್ನು ಬರೆದು ತಿಳಿಸಿದರೆ, ಶಬ್ದವು ಹಾಗೆಯೇ ಉಳಿದರೂ ಅದರ ಅರ್ಥವು ನೇರ್ಪಟ್ಟೀತು.