ಕಾಣದ ಗಾಳಿಗೂ ಲೆಕ್ಕ ಬೇಕು

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರಿಗೆ ಒಂದು ಸಂಗತಿ ತಿಳಿದೇ ಇರುವುದು. ಅಲ್ಲಿ ರೈತನು ತಂದ ಗೂಡು ತಕ್ಕಡಿಯನ್ನು ಏರದೆ ಕೈ ಬದಲಾಗುವುದಿಲ್ಲ; ತೂಕ ಗೊತ್ತಾಗದೆ ರೀಲರು ಹಣ ಎಣಿಸುವುದಿಲ್ಲ. ಗೂಡನ್ನು ಬೆರಳಿನಲ್ಲಿ ಒತ್ತಿ ನೋಡಿಯೇ ಎಷ್ಟು ನೂಲು ಇಳಿದೀತೆಂದು ಹೇಳಬಲ್ಲ ಜನರ ಊರು ಅದು. ಹಿಂದೆ ವಡಿಗೇನಹಳ್ಳಿಯೆಂದು ಕರೆಯಿಸಿಕೊಳ್ಳುತ್ತಿದ್ದ ಆ ಪಟ್ಟಣದ ಸುತ್ತಮುತ್ತ ಈಗ ಬೇರೊಂದು ಸರಕು ಹಗಲೆಲ್ಲ ಖರ್ಚಾಗುತ್ತಿದೆ. ಅದಕ್ಕೆ ತಕ್ಕಡಿಯೂ ಇಲ್ಲ, ಚೀಟಿಯೂ ಇಲ್ಲ. ನಾವು ಹೇಳುತ್ತಿರುವುದು ಕಟ್ಟೋಣದ ಸ್ಥಳಗಳಲ್ಲಿ ಕಂಪ್ರೆಸರುಗಳು ಒತ್ತಿ ಕೊಡುವ ಗಾಳಿಯ ಮಾತು.

2008ನೆಯ ಇಸವಿ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದಂದಿನಿಂದ ಈ ತಾಲ್ಲೂಕಿನಲ್ಲಿ ಕಲ್ಲು ಒಡೆಯುವ, ಕಾಂಕ್ರೀಟು ಕೆತ್ತುವ ಸದ್ದು ನಿಂತುದೇ ಇಲ್ಲ. ರಸ್ತೆ, ಸೇತುವೆ, ಮಳಿಗೆ, ಬಡಾವಣೆ ಒಂದರ ಬೆನ್ನಿಗೊಂದು ಏಳುತ್ತಿವೆ. ಏಳಲಿ, ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಈ ಕೆಲಸಗಳಲ್ಲಿ ಬಂಡೆ ಕೊರೆಯುವ ಯಂತ್ರಕ್ಕೂ, ರಸ್ತೆ ಒಡೆಯುವ ಬ್ರೇಕರಿಗೂ, ಸಿಮೆಂಟು ಎರಚುವ ಕೊಳವೆಗೂ ಜೀವ ಕೊಡುವುದು ಒತ್ತಿದ ಗಾಳಿ. ಗಾಳಿ ಪುಕ್ಕಟೆಯಾಗಿ ದೊರೆಯುವುದೆಂದು ಲೋಕದ ನಂಬಿಕೆ. ಒತ್ತಿದ ಗಾಳಿಯಾದರೋ ಕೆಲಸದ ಸ್ಥಳದಲ್ಲಿರುವ ಶಕ್ತಿಗಳಲ್ಲೆಲ್ಲ ಅತ್ಯಂತ ದುಬಾರಿಯಾದುದು. ಕಂಪ್ರೆಸರಿಗೆ ನೂರು ಯೂನಿಟ್ಟು ವಿದ್ಯುತ್ತನ್ನು ಉಣಿಸಿದರೆ ಕೊನೆಗೆ ಉಳಿಯ ಮೊನೆಯಲ್ಲಿ ಕೆಲಸವಾಗಿ ಪರಿಣಮಿಸುವುದು ಹತ್ತೋ ಹದಿನೈದೋ ಯೂನಿಟ್ಟು; ಮಿಕ್ಕುದು ಬಹುಮಟ್ಟಿಗೆ ಶಾಖವಾಗಿ ಹೋಗುತ್ತದೆ. ಇದು ಪ್ರಕೃತಿಯ ನಿಯಮ. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಆದರೆ ಹೀಗೆ ದುಬಾರಿಯಾಗಿ ಬಂದ ಗಾಳಿಯನ್ನು ಹರಕು ಕೊಳವೆಯಲ್ಲಿ, ಸಡಿಲವಾದ ತಿರುಪಿನಲ್ಲಿ, ತಂತಿ ಸುತ್ತಿ ಬಿಗಿದ ಜೋಡಣೆಯಲ್ಲಿ ಬಯಲಿಗೆ ಬಿಡುವುದು ಪ್ರಕೃತಿಯ ನಿಯಮವಲ್ಲ.

ಲೆಕ್ಕವನ್ನು ನೋಡಿರಿ. ಏಳು ಬಾರ್ ಒತ್ತಡದ ಕೊಳವೆಯಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಇದ್ದರೆ ಅದರಿಂದ ನಿಮಿಷಕ್ಕೆ ಸುಮಾರು 20 ಘನ ಅಡಿ ಗಾಳಿ ಸೋರುವುದು. ಅಷ್ಟು ಗಾಳಿಯನ್ನು ಒತ್ತಲು ಬೇಕಾದ ಶಕ್ತಿ ಹೆಚ್ಚುಕಡಮೆ ನಾಲ್ಕು ಕಿಲೋವ್ಯಾಟು. ಎಂಟು ಗಂಟೆಯ ದಿನಕ್ಕೆ ಮೂವತ್ತು ಯೂನಿಟ್ಟು ಮೀರುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಸಂಸಾರಕ್ಕೆ ತಿಂಗಳಿಗೆ ಇಟ್ಟ ಮಿತಿ 200 ಯೂನಿಟ್ಟು. ಆ ಒಂದು ತೂತು ಅಷ್ಟನ್ನು ಏಳು ದಿನಗಳಲ್ಲಿ ಮುಗಿಸುತ್ತದೆ. ಅಂಥ ಮೂರು ತೂತುಗಳಿದ್ದರೆ ಒಂದು ಜಾಕ್‌ಹ್ಯಾಮರಿಗೆ ಸಾಲುವಷ್ಟು ಗಾಳಿ ಮಾಯವಾಯಿತೆಂದೇ ಅರ್ಥ. ಸರಿಯಾದ ಮೇಲ್ವಿಚಾರಣೆಯಿಲ್ಲದ ಕಡೆ ಕಂಪ್ರೆಸರು ಒತ್ತಿದ ಗಾಳಿಯಲ್ಲಿ ಶೇಕಡಾ 20ರಿಂದ 30ರವರೆಗೆ ಹೀಗೆ ಸೋರಿಹೋಗುವುದು ಸಾಮಾನ್ಯವೆಂದು ಬಲ್ಲವರು ಹೇಳುತ್ತಾರೆ. ಗಾಳಿ ಸಾಲದೆ ಬಂದಾಗ ಮೇಸ್ತ್ರಿಯು ಮಾಡುವ ಚಿಕಿತ್ಸೆ ಯಾವುದು? ತೂತನ್ನು ಹುಡುಕುವುದಲ್ಲ, ಒತ್ತಡವನ್ನು ಏರಿಸುವುದು. ಒತ್ತಡವನ್ನು ಒಂದು ಬಾರ್ ಏರಿಸಿದರೆ ಶೇಕಡಾ ಆರರಿಂದ ಹತ್ತರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ, ತೂತಿನಿಂದ ಸೋರುವ ಗಾಳಿಯೂ ಹೆಚ್ಚುತ್ತದೆ. ರೋಗಿಗೆ ರೋಗವನ್ನೇ ಔಷಧವಾಗಿ ಕುಡಿಸಿದಂತಾಯಿತು.

ಇದನ್ನು ಕಂಡುಹಿಡಿಯಲು ದೊಡ್ಡ ವಿದ್ವಾಂಸರೂ ಬೇಡ. ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರಾದರೆ ಮಧ್ಯಾಹ್ನ ಕೆಲಸಗಾರರು ಊಟಕ್ಕೆ ಹೋದಾಗ ಉಪಕರಣಗಳನ್ನೆಲ್ಲ ಮುಚ್ಚಿ, ಯಂತ್ರವನ್ನು ಮಾತ್ರ ಚಾಲನೆಯಲ್ಲಿಟ್ಟು, ಕೈಯಲ್ಲಿ ಗಡಿಯಾರ ಹಿಡಿದು ನಿಂತರೆ ಸಾಕು. ಯಾರೂ ಗಾಳಿಯನ್ನು ಉಪಯೋಗಿಸದಿರುವಾಗಲೂ ಯಂತ್ರವು ಮೂರು ನಿಮಿಷ ಒತ್ತಿ ಏಳು ನಿಮಿಷ ವಿಶ್ರಮಿಸಿದರೆ, ಹತ್ತರಲ್ಲಿ ಮೂರು ಪಾಲು ಗಾಳಿ ಸೋರಿಕೆಗೆ ಹೋಗುತ್ತಿದೆಯೆಂದು ತಿಳಿಯತಕ್ಕದ್ದು. ವಿಶ್ರಮಿಸುತ್ತದೆಂದರೆ ಸುಮ್ಮನಿರುತ್ತದೆಂದಲ್ಲ, ಬರಿದೆ ತಿರುಗುವಾಗಲೂ ಇಂಥ ಯಂತ್ರಗಳು ಪೂರ್ಣ ಶಕ್ತಿಯ ಕಾಲುಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಎಳೆಯುತ್ತವೆ. ಡೀಸೆಲ್ ಯಂತ್ರವಾದರೆ ಅದರ ಮೇಲಿರುವ ಗಂಟೆಯ ಮುಳ್ಳನ್ನೂ ಹಾಕಿದ ಲೀಟರುಗಳನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆದರೆ ಒಂದು ತಿಂಗಳಲ್ಲಿ ಸತ್ಯ ಹೊರಬೀಳುವುದು. ಗಾಳಿಯ ಹರಿವನ್ನೂ ಒತ್ತಡವನ್ನೂ ಅಳೆದು ಕಛೇರಿಯಲ್ಲಿರುವ ಇಂಜಿನಿಯರ ಮಹಾಶಯರ ಕೈಫೋನಿಗೆ ಗಳಿಗೆಗೊಮ್ಮೆ ವರದಿ ಕಳುಹಿಸುವ ಮೀಟರುಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಅವು ಬಂದರೆ ಒಳ್ಳೆಯದೇ. ಅವು ಬರುವವರೆಗೆ ಗಡಿಯಾರವೂ ಪುಸ್ತಕವೂ ಇದ್ದೇ ಇವೆ.

ಕಂಟ್ರಾಕ್ಟರು ತನ್ನ ಹಣವನ್ನು ಸುಡುತ್ತಾನೆ, ನಿಮಗೇನು ಕಷ್ಟ ಎಂದು ಕೇಳುವವರುಂಟು. ಆ ಹಣ ಅವನದಲ್ಲವೆಂಬುದೇ ನಮ್ಮ ವಾದದ ಮೂಲ. ರಸ್ತೆ ಕೆಲಸಗಳ ದರವನ್ನು ಗೊತ್ತುಮಾಡಲು ಕೇಂದ್ರದ ರಸ್ತೆ ಸಾರಿಗೆ ಇಲಾಖೆಯವರು ಹೊರಡಿಸಿರುವ ಪ್ರಮಾಣಪುಸ್ತಕವನ್ನು ತೆರೆದು ನೋಡಿದರೆ, 250 ಘನ ಅಡಿಯ ಕಂಪ್ರೆಸರು, ಅದಕ್ಕೆ ಎರಡು ಬ್ರೇಕರು, ಇಷ್ಟು ಗಂಟೆ ಎಂದು ಕಾಣುವುದು. ಅಲ್ಲಿ ಗಂಟೆಯ ಲೆಕ್ಕ ಉಂಟು, ಗಾಳಿಯ ಲೆಕ್ಕವಿಲ್ಲ. ಸೋರುವ ಯಂತ್ರವು ಒಂದು ಕೆಲಸಕ್ಕೆ ಹತ್ತು ಗಂಟೆ ತೆಗೆದುಕೊಂಡರೆ ಹತ್ತು ಗಂಟೆಯೇ ವಾಡಿಕೆಯಾಗುತ್ತದೆ. ವಾಡಿಕೆಯು ಅಂದಾಜುಪಟ್ಟಿಯನ್ನು ಸೇರುತ್ತದೆ. ಅಂದಾಜುಪಟ್ಟಿಯ ಹಣವು ಕಂದಾಯ ಕೊಡುವವರ ಮನೆಯಿಂದ ಬರುತ್ತದೆ. ದೊಡ್ಡ ಕರಾರುಗಳಲ್ಲಿ ಇಂಧನದ ಬೆಲೆ ಏರಿದಂತೆ ಕಂಟ್ರಾಕ್ಟರಿಗೆ ಹೆಚ್ಚುವರಿ ಕೊಡುವ ಷರತ್ತೂ ಇರುವುದು. ಸುಟ್ಟ ಡೀಸೆಲಿನ ಮೂಲವಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚನ್ನು ನಮ್ಮ ದೇಶವು ಹೊರಗಿನಿಂದ ಕೊಳ್ಳುತ್ತಿದೆ. ಸ್ವದೇಶಿಯ ಮಾತನ್ನು ಸಭೆಗಳಲ್ಲಿ ಆಡುವವರು ಹರಕು ಕೊಳವೆಯ ಮೂಲಕ ಪರದೇಶಕ್ಕೆ ಹೋಗುವ ಈ ಹಣವನ್ನೂ ಸ್ವಲ್ಪ ನೆನೆಯಬೇಕು.

ಅಳತೆಯ ವ್ಯವಹಾರ ಈ ಸೀಮೆಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿದಾಗ, ಮೈಸೂರು ಸರಕಾರದವರು ಒಂದೊಂದು ಕುದುರೆಶಕ್ತಿಗೆ ವರ್ಷಕ್ಕೆ ಇಷ್ಟೆಂದು ಬರೆದು ಕೊಟ್ಟು ಮಾರಿದರು. ಆ ಗಣಿಗಳಲ್ಲಿ ಬಂಡೆ ಕೊರೆದುದೂ ಒತ್ತಿದ ಗಾಳಿಯೇ. ಗಣಿಗಳು 2001ರಲ್ಲಿ ಮುಚ್ಚಿದುವು. ಅವು ಬಿಟ್ಟುಹೋದ ಇನ್ನೊಂದು ಪಾಠ ಮಾತ್ರ ಮುಚ್ಚಿಲ್ಲ. ಕೊರೆಯುವ ಕಲ್ಲಿನ ಸಣ್ಣ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಗಣಿಗಾರರಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಬೇನೆ ಎಷ್ಟು ಹಬ್ಬಿತ್ತೆಂಬುದನ್ನು 1940ರ ದಶಕದಲ್ಲೇ ವೈದ್ಯರು ಕಂಡು ಬರೆದಿದ್ದಾರೆ. ದೇವನಹಳ್ಳಿಯ ಸೀಮೆಯ ಕಲ್ಲೂ ಗಟ್ಟಿಯಾದ ಗ್ರಾನೈಟು. ಅದರ ಧೂಳೂ ಅದೇ ಜಾತಿಯದು. ಒತ್ತಡ ಕುಸಿದ ಯಂತ್ರವು ನಿಧಾನವಾಗಿ ಕಚ್ಚುವುದು; ಅದನ್ನು ಹಿಡಿದವನು ಅಷ್ಟು ಹೆಚ್ಚು ಹೊತ್ತು ಅದರ ಮೇಲೆ ಬಾಗಿ ನಿಲ್ಲಬೇಕು, ಅಷ್ಟು ಹೆಚ್ಚು ನಡುಕವನ್ನು ತೋಳಿಗೆ, ಅಷ್ಟು ಹೆಚ್ಚು ಧೂಳನ್ನು ಎದೆಗೆ ತುಂಬಿಕೊಳ್ಳಬೇಕು. ಸಂಜೆ ಅದೇ ಕೊಳವೆಯಿಂದ ಮೈಮೇಲಿನ ಧೂಳನ್ನು ಊದಿಕೊಳ್ಳುವ ಕೆಟ್ಟ ವಾಡಿಕೆಯೂ ಉಂಟು. ಅದು ಕಣ್ಣಿಗೂ ಕಿವಿಗೂ ಅಪಾಯ, ಗಾಳಿಗೂ ನಷ್ಟ. ಆದುದರಿಂದ ಒತ್ತಡದ ಮುಳ್ಳನ್ನು ಓದುವ ಕೆಲಸವು ಗುಮಾಸ್ತೆಯ ಕೆಲಸವೆಂದು ಯಾರೂ ಹಗುರವಾಗಿ ಕಾಣಬಾರದು. ಜೊತೆಗೆ ಕೊರೆಯುವಾಗ ನೀರು ಬಿಡುತ್ತಿದ್ದಾರೆಯೇ ಎಂಬುದನ್ನೂ ಅದೇ ಪುಸ್ತಕದಲ್ಲಿ ಗುರುತುಹಾಕಬೇಕು.

ಕಾನೂನು ಇಲ್ಲವೆ? 2001ರ ಇಂಧನ ಸಂರಕ್ಷಣಾ ಶಾಸನ ಇದೆ. ಅದರ ಕೆಳಗೆ ದೊಡ್ಡ ಕಾರ್ಖಾನೆಗಳು ತಮ್ಮ ಶಕ್ತಿಯ ಲೆಕ್ಕವನ್ನು ಒಪ್ಪಿಸಬೇಕು. ಕಟ್ಟಡಗಳಿಗೂ ಸಂಹಿತೆ ಇದೆ. ಆದರೆ ಆ ಸಂಹಿತೆಯ ದೃಷ್ಟಿ ಇರುವುದು ಕಟ್ಟಿ ಮುಗಿದ ಮೇಲಿನ ಕಟ್ಟಡದ ಮೇಲೆ. ಕಟ್ಟುತ್ತಿರುವಾಗ ಸುಟ್ಟುದನ್ನು ಕೇಳುವವರಿಲ್ಲ. ಬೆಸ್ಕಾಂನವರು ಕಟ್ಟೋಣಕ್ಕೆ ಕೊಡುವ ತಾತ್ಕಾಲಿಕ ಸಂಪರ್ಕದ ಮೀಟರು ಒಟ್ಟು ಯೂನಿಟ್ಟನ್ನು ಹೇಳೀತೇ ಹೊರತು, ಅದರಲ್ಲಿ ಕ್ರೇನು ತಿಂದುದೆಷ್ಟು, ಕಂಪ್ರೆಸರು ತಿಂದುದೆಷ್ಟು ಎಂಬುದನ್ನು ಹೇಳಲಾರದು.

ದೆಹಲಿಯಿಂದ ಹೊಸ ಶಾಸನ ಬರುವವರೆಗೆ ಕಾಯಬೇಕೆಂದು ನಾವು ಹೇಳುವುದಿಲ್ಲ. ಕೆಲಸ ಕೊಡುವವರು ಕರಾರಿನಲ್ಲಿ ನಾಲ್ಕು ಸಾಲು ಬರೆದರೆ ಆಗುವ ಕಾರ್ಯವಿದು: ಕಂಪ್ರೆಸರಿಗೆ ಪ್ರತ್ಯೇಕ ಮೀಟರು ಇರಬೇಕು, ವಾರಕ್ಕೊಮ್ಮೆ ಸೋರಿಕೆಯ ಪರೀಕ್ಷೆ ನಡೆಯಬೇಕು, ಅದರ ಫಲವು ಅಳತೆ ಪುಸ್ತಕದೊಡನೆ ಬರಬೇಕು, ಅದು ಇಲ್ಲದ ಬಿಲ್ಲಿಗೆ ರುಜು ಬೀಳಬಾರದು. ಲೋಕೋಪಯೋಗಿ ಇಲಾಖೆಯವರು ಇದನ್ನು ಆಲೋಚಿಸುವಷ್ಟರಲ್ಲಿ ವಿಜಯಪುರದ ಪುರಸಭೆಯವರು ತಮ್ಮ ಮುಂದಿನ ರಸ್ತೆಯ ಅಥವಾ ಚರಂಡಿಯ ಟೆಂಡರಿನಲ್ಲಿಯೇ ಇದನ್ನು ಸೇರಿಸಬಹುದು. ಗೂಡಿನ ತೂಕದಲ್ಲಿ ಮೋಸ ಸಹಿಸದ ಊರಿನ ಸದಸ್ಯರಿಗೆ ಇದರ ಮರ್ಮವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ತಿಂಗಳ ಲೆಕ್ಕ, ಚೆನ್ನಾಗಿರಲಿ ಕೆಟ್ಟದಾಗಿರಲಿ, ಪುರಸಭೆಯ ಕಛೇರಿಯ ಬಾಗಿಲಿನ ಹಲಗೆಯ ಮೇಲೆ ಅಂಟಿಸಲ್ಪಟ್ಟರೆ ಅದನ್ನು ಇದೇ ಪುಟದಲ್ಲಿ ಪ್ರಕಟಿಸಲು ನಾವು ಸಿದ್ಧರಾಗಿದ್ದೇವೆ.