ಕೈತೋಟ: ಬೆಕ್ಕೂ ಇರಲಿ, ಸೊಪ್ಪೂ ಬೆಳೆಯಲಿ

ಸಂಜೆ ಕೊತ್ತಂಬರಿ ಬೀಜ ಉದುರಿಸಿ, ನೀರು ಚಿಮುಕಿಸಿ ಬಂದಿರುತ್ತೀರಿ. ಬೆಳಿಗ್ಗೆ ನೋಡಿದರೆ ಮಡಿಯ ನಡುವೆ ಒಂದು ಗುಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ! "ಹಾಳಾದ ಬೆಕ್ಕು" ಅಂತ ಪೊರಕೆ ಎತ್ತುವ ಮುನ್ನ ಒಂದು ಮಾತು ಕೇಳಿ, ಗೆಳತಿಯರೇ. ಮಲವನ್ನು ಮಣ್ಣಿನಲ್ಲಿ ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಅದಕ್ಕೆ ಸಡಿಲ ಮಣ್ಣು ಬೇಕು. ನೀವು ಹೆಂಟೆ ಒಡೆದು ಹದ ಮಾಡಿದ್ದು ತನಗೇ ಅಂದುಕೊಳ್ಳುತ್ತದೆ, ಅಷ್ಟೆ.

ಹಾಗಾದರೆ ಏನು ಮಾಡೋಣ ಅಂತೀರಾ? ನಿಮ್ಮ ಮಣ್ಣನ್ನು ಮುಚ್ಚಿ; ಅದಕ್ಕೆ ಬೇರೆ ಮಣ್ಣು ಕೊಡಿ. ಬೀಜ ಹಾಕಿದ ಕೂಡಲೇ ಮಡಿಯ ಮೇಲೆ ಒಣ ತೆಂಗಿನ ಗರಿ ಹೊದಿಸಿ. ಮೆಂತ್ಯ 3-4 ದಿನಕ್ಕೆ, ಕೊತ್ತಂಬರಿ 8-10 ದಿನಕ್ಕೆ ತಲೆ ಎತ್ತುತ್ತದೆ. ಆಗ ಗರಿ ತೆಗೆದು, ಸಾಲಿನ ನಡುವೆ ಒಣ ಕಡ್ಡಿಗಳನ್ನು ಒತ್ತಾಗಿ ಚುಚ್ಚಿ. ಕುಂಡವಾದರೆ ಬುಡದ ಸುತ್ತ ದಪ್ಪ ಜಲ್ಲಿ ಹರಡಿದರೆ ಸಾಕು. ಹಿತ್ತಲ ಮೂಲೆಯಲ್ಲಿ ಒಂದು ಹಳೆಯ ಅಗಲ ಬಾಂಡ್ಲಿಗೆ ಒಣ ಮರಳು ತುಂಬಿಡಿ. ನಾಲ್ಕು ದಿನದಲ್ಲಿ ಬೆಕ್ಕು ಅಲ್ಲಿಗೇ ಹೋಗಲು ಕಲಿತೀತು. ಆದರೆ ಅದನ್ನು ದಿನಾ ಚೊಕ್ಕಟ ಮಾಡಬೇಕು. ಗಲೀಜಾದರೆ ಮತ್ತೆ ನಿಮ್ಮ ಮಡಿಗೇ ಬರುತ್ತದೆ.

ಇಷ್ಟೆಲ್ಲ ಯಾಕೆ ಹೇಳ್ತೀನಿ ಅಂದರೆ, ಇದು ಬರೀ ಸೊಪ್ಪು ಹಾಳಾಗುವ ಮಾತಲ್ಲ. ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ, ಕಣ್ಣಿಗೆ ಕಾಣದ ರೋಗಾಣು ಇರಬಹುದು. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಬದುಕಿರುತ್ತದೆ. ಬಸುರಿಗೆ ಮೊದಲ ಬಾರಿ ಅದು ತಗುಲಿದರೆ ಹೊಟ್ಟೆಯ ಮಗುವಿನ ಕಣ್ಣಿಗೆ, ಮಿದುಳಿಗೆ ಅಪಾಯವಾಗಬಹುದು. ಬೆಕ್ಕನ್ನು ಮನೆ ಬಿಟ್ಟು ಓಡಿಸಬೇಕಿಲ್ಲ. ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ ಮರಳಿನ ಬಾಂಡ್ಲಿ ತೊಳೆಯುವ ಕೆಲಸ ಬೇರೆಯವರು ಮಾಡಲಿ. ಮಣ್ಣು ಮುಟ್ಟುವಾಗ ಕೈಗವಸು ಇರಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಲಿ. ಸೊಪ್ಪನ್ನು 2-3 ನೀರಿನಲ್ಲಿ ತೊಳೆದು ಬೇಯಿಸಿಯೇ ಬಡಿಸಿ.

ಇನ್ನು ನಾಯಿಯ ವಿಷಯ. ಬೇಸಿಗೆಯಲ್ಲಿ ಅದು ಮಲ್ಲಿಗೆ ಬುಡ ಕೆದರಿ ಮಲಗುವುದು ತಂಪಿಗಾಗಿ. ನೆರಳಿನಲ್ಲಿ ಒಂದು ಒದ್ದೆ ಗೋಣಿಚೀಲ ಹಾಸಿ, ಪಕ್ಕದಲ್ಲಿ ನೀರಿಡಿ. ಗಿಡದ ಬುಡಕ್ಕೆ ಉಚ್ಚೆ ಹೊಯ್ದರೆ ಕೂಡಲೇ ಒಂದು ಬಕೆಟ್ ನೀರು ಸುರಿಯಿರಿ, ಇಲ್ಲದಿದ್ದರೆ ಗಿಡ ಸುಟ್ಟಂತಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಗುಲಾಬಿಗೆ ಹರಳು ಹಿಂಡಿ ಹಾಕುವ ರೂಢಿ ಹಲವರಿಗುಂಟು. ಹರಳು ಬೀಜದ ರಿಸಿನ್ ಎಂಬ ವಿಷ ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ನಾಯಿಗೋ ಅದರ ವಾಸನೆ ಬಲು ಇಷ್ಟ. ತಿಂದರೆ ವಾಂತಿ, ರಕ್ತಭೇದಿ ಆಗಿ ಪ್ರಾಣಕ್ಕೇ ಬರಬಹುದು. ಆ ವಿಷಕ್ಕೆ ಮದ್ದಿಲ್ಲ. ತಿಂದದ್ದು ಗೊತ್ತಾದ ಕೂಡಲೇ, ವಾಂತಿ ಶುರುವಾಗಲೆಂದು ಕಾಯದೆ, ಪಶು ಆಸ್ಪತ್ರೆಗೆ ಒಯ್ಯಿರಿ. ನಾಯಿ ಇರುವ ಮನೆಯಲ್ಲಿ ಹರಳು ಹಿಂಡಿ ಬೇಡವೇ ಬೇಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಎರೆಗೊಬ್ಬರವೋ ಗುಲಾಬಿಗೆ ಸಾಕು.

ಕೋಳಿ ಸಾಕಿದವರು ಮಡಿಯ ಸುತ್ತ ಮೊಣಕಾಲೆತ್ತರದ ಬಿದಿರು ತಟ್ಟಿ ಕಟ್ಟಿ, ಮೇಲೆ ಹಳೆಯ ಬಲೆ ಹೊದಿಸಿ. ತಟ್ಟಿಯೊಂದೇ ಇದ್ದರೆ ಕೋಳಿ ಹಾರಿ ಒಳಗಿಳಿಯುತ್ತದೆ.

ಕಡೆಯದಾಗಿ, ಯಾರು ಹೇಳಿದರೂ ಮಡಿಗೆ ಖಾರದ ಪುಡಿ ಎರಚಬೇಡಿ. ಮೂಕ ಪ್ರಾಣಿಯ ಕಣ್ಣು, ಪಾದ ಉರಿದುಹೋಗುತ್ತದೆ. ನುಸಿ ಗುಳಿಗೆಯನ್ನೂ ಇಡಬೇಡಿ. ಅದು ಪ್ರಾಣಿಗೂ ವಿಷ, ಮಿಠಾಯಿ ಅಂತ ಬಾಯಿಗಿಟ್ಟುಕೊಳ್ಳುವ ಮಕ್ಕಳಿಗೂ ವಿಷ.

ಈ ವಾರವೇ ಒಂದು ಬಾಂಡ್ಲಿ ಮರಳು, ನಾಲ್ಕು ತೆಂಗಿನ ಗರಿ ಹೊಂದಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಮಲ್ಲಿಗೆ ಬಳ್ಳಿ ಸವರುವ ಬಗೆ ನೋಡೋಣ.