ನಾಯಕನ ಲೆಕ್ಕದ ಪುಸ್ತಕ

ಶಾಲೆ ಆರಂಭವಾದೊಡನೆ ಪ್ರತಿ ತರಗತಿಗೂ ಒಬ್ಬ ಲೀಡರನ್ನು ಆರಿಸುವುದು ರೂಢಿ. ಅಂದು ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ವರ್ಷದ ಕೊನೆಗೆ ಅವನ ಅಂಕ ನೋಡುತ್ತೇವೆ, ಹಾಜರಿ ನೋಡುತ್ತೇವೆ. ನಾಯಕನಾಗಿ ಅವನು ಎಷ್ಟು ಬೆಳೆದ ಎಂದು ಮಾತ್ರ ಯಾರೂ ಕೇಳುವುದಿಲ್ಲ; ಅವನೂ ತನ್ನನ್ನು ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಲೇಬೇಕೆಂಬುದು ನನ್ನ ಅಭಿಪ್ರಾಯ.

ಎಂಟನೆಯ ತರಗತಿಯಲ್ಲಿ ನಾನೂ ಲೀಡರಾಗಿದ್ದೆ. ಉಪಾಧ್ಯಾಯರು ಹೊರಗೆ ಹೋದಾಗ ಗದ್ದಲ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ನನ್ನ ಕೆಲಸ. ತರಗತಿ ನಿಶ್ಶಬ್ದವಾಗಿದ್ದರೆ ನಾನು ಒಳ್ಳೆಯ ನಾಯಕನೆಂದೇ ತಿಳಿದಿದ್ದೆ. ಕೊನೆಯ ಬೆಂಚಿನ ಒಬ್ಬ ಹುಡುಗನ ಹೆಸರನ್ನು ದಿನವೂ ಬರೆಯುತ್ತಿದ್ದೆ. ಅವನಿಗೆ ದಿನವೂ ಏಟು ಬೀಳುತ್ತಿತ್ತು. ಪಾಪ, ಅವನು ಅರ್ಥವಾಗದ ಲೆಕ್ಕವನ್ನು ಪಕ್ಕದವನಲ್ಲಿ ಕೇಳುತ್ತಿದ್ದನಷ್ಟೆ. ಇದು ನನಗೆ ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ. ಆ ವರ್ಷ ನನಗೆ ಬಹುಮಾನ ಬಂದಿತು. ಆದರೆ ನಾಯಕನಾಗಿ ನಾನು ಒಂದು ಅಂಗುಲವೂ ಬೆಳೆದಿರಲಿಲ್ಲ.

ಗಾಂಧೀಜಿಯವರನ್ನು ನೋಡೋಣ. ಲಂಡನ್ನಿನಲ್ಲಿ ಓದುವಾಗ ಅವರು ಖರ್ಚಿನ ಪ್ರತಿ ಕಾಸನ್ನೂ ಬರೆದಿಟ್ಟು, ಮಲಗುವ ಮುನ್ನ ಲೆಕ್ಕ ಸರಿಮಾಡುತ್ತಿದ್ದರು. ಮುಂದೆ ತಮ್ಮ ನಡತೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿಕೊಂಡರು. ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಮಗೆ ಬಾಯಿಯೇ ಬರಲಿಲ್ಲವೆಂಬುದನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಹೇಳಿದ್ದಾರೆ. ಅದೇ ವ್ಯಕ್ತಿ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆ ಸೇರಿಸಿ ಮಾತನಾಡಿದರು. ಭಾಷಣ ಮಾಡಿ ಸುಮ್ಮನಾಗಲಿಲ್ಲ. ಇಂಗ್ಲಿಷ್ ಬಾರದ ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಅಂಗಡಿಕಾರನಿಗೆ ಅವರಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. ಬೆಳವಣಿಗೆಯೆಂದರೆ ಇದು.

ಈ ಮಾತು ನಮ್ಮ ಹಿರೇಹಾಳಿಗೆ ದೂರದ್ದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ರಾಯದುರ್ಗ ತಾಲ್ಲೂಕು ಆಂಧ್ರದಲ್ಲಿ ಉಳಿಯಿತು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಅಂಥ ಕಾಗದವನ್ನು ಹಿಡಿದು ದಿಕ್ಕು ತೋಚದೆ ನಿಂತ ಅಜ್ಜಿಗೆ ಅದನ್ನು ಓದಿ ಹೇಳುವ ಹುಡುಗಿ, ಎದೆಯ ಮೇಲೆ ಬಿಲ್ಲೆ ಇರಲಿ ಬಿಡಲಿ, ನಾಯಕಿಯೇ ಸರಿ. ಎರಡು ಭಾಷೆ ಬಲ್ಲ ನಿಮಗೆ ಈ ಅವಕಾಶ ದಿನವೂ ಇದೆ.

ವಿದ್ಯಾರ್ಥಿಗಳೇ, ಒಂದು ಸಣ್ಣ ನೋಟ್‌ಬುಕ್ ಇಡಿ. ರಾತ್ರಿ ಮಲಗುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇಂದು ಯಾರ ಮಾತನ್ನು ಪೂರ್ತಿಯಾಗಿ ಕೇಳಿದೆ? ನನ್ನ ಯಾವ ತಪ್ಪನ್ನು ಒಪ್ಪಿಕೊಂಡೆ? ನನಗೆ ಬರುವ ಕೆಲಸವನ್ನು ಯಾರಿಗೆ ಕಲಿಸಿದೆ? ಕೆಲವು ದಿನ ಉತ್ತರವೇ ಇರುವುದಿಲ್ಲ. ಆಗ ಸುಳ್ಳು ಬರೆಯಬೇಡಿ, ಜಾಗ ಖಾಲಿ ಬಿಡಿ. ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿದರೆ ಖಾಲಿ ಜಾಗವೇ ಪಾಠ ಹೇಳುತ್ತದೆ. ಈ ಪುಸ್ತಕವನ್ನು ನಾವು ಉಪಾಧ್ಯಾಯರು ಕೇಳಬಾರದು, ಅಂಕವನ್ನೂ ಕೊಡಬಾರದು. ಕೊಟ್ಟರೆ ಅದು ನಮಗಾಗಿ ಬರೆದದ್ದಾಗುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ಶೇಂಗಾ ಬಿತ್ತಿದವರು ಬೀಜವೆಷ್ಟು, ಬೆಳೆಯೆಷ್ಟು ಎಂದು ಲೆಕ್ಕ ಹಾಕುತ್ತೀರಿ. ಮಳೆ ಕೈಕೊಟ್ಟ ವರ್ಷದ ಲೆಕ್ಕವನ್ನೂ ಮರೆಯುವುದಿಲ್ಲ. ಮಗ ಲೀಡರಾದನೆಂದು ಹಿಗ್ಗುವುದರ ಜೊತೆಗೆ, “ಇವತ್ತು ಯಾರಿಗೆ ನೆರವಾದೆಯಪ್ಪಾ?” ಎಂದು ಊಟದ ಹೊತ್ತಿನಲ್ಲಿ ಕೇಳಿರಿ. ಅಂದು ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ, ಕೊನೆಯ ಬೆಂಚಿನ ಆ ಹುಡುಗ ಬಹುಶಃ ಶಾಲೆ ಬಿಡುತ್ತಿರಲಿಲ್ಲ.